ಸಿದ್ಧ ಗೇಮಿಂಗ್ ಡೆಸ್ಕ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್ ಮತ್ತು ಎಸ್‌ಎಂಪಿಎಸ್ ಬದಲಾಯಿಸುವ ಕ್ರಮ

ಕಂಪನಿಯೇ ಜೋಡಿಸಿ ಮಾರುವ ಗೇಮಿಂಗ್ ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಸೆಸರ್ ಚೆನ್ನಾಗಿಯೇ ಇದ್ದು, ಬೆಲೆ ಇಳಿಸುವ ಸಲುವಾಗಿ ಗ್ರಾಫಿಕ್ಸ್ ಕಾರ್ಡ್ (ಆಟದ ದೃಶ್ಯಗಳನ್ನು ರೂಪಿಸುವ ಭಾಗ) ಮತ್ತು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ವೋಲ್ಟೇಜ್‌ಗೆ ಇಳಿಸಿ ಹಂಚುವ ಪೆಟ್ಟಿಗೆ) ವಿಷಯದಲ್ಲಿ ಕೈ ಬಿಗಿ ಹಿಡಿದಿರುವುದು ಸಾಮಾನ್ಯ. ಹೊಸ ಆಟಗಳು ತಡವರಿಸತೊಡಗಿದಾಗ ಇಡೀ ಯಂತ್ರವನ್ನು ಮಾರುವ ಬದಲು ಈ ಎರಡು ಭಾಗಗಳನ್ನಷ್ಟೇ ಬದಲಾಯಿಸುವುದು ಲಾಭದಾಯಕ. ಆದರೆ ಹೆಚ್ಚಿನವರು ಮೊದಲು ಕಾರ್ಡ್ ಕೊಂಡು, ಅದು ಮನೆಗೆ ಬಂದ ಮೇಲೆ ಕ್ಯಾಬಿನೆಟ್ ತೆರೆಯುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಮೊದಲು ಮದರ್‌ಬೋರ್ಡ್‌ಗೆ ವಿದ್ಯುತ್ ಯಾವ ಕನೆಕ್ಟರ್ ಮೂಲಕ ಬರುತ್ತಿದೆ ಎಂಬುದನ್ನು ನೋಡಬೇಕು, ನಂತರ ಕ್ಯಾಬಿನೆಟ್‌ನ ಒಳ ಅಳತೆ ತೆಗೆದುಕೊಳ್ಳಬೇಕು, ಅದಾದ ಮೇಲೆ ಎಸ್‌ಎಂಪಿಎಸ್ ನಿರ್ಧರಿಸಬೇಕು; ಕಾರ್ಡ್‌ನ ಆಯ್ಕೆ ಕೊನೆಯದು.

ಪಕ್ಕದ ಬಾಗಿಲು ತೆಗೆದು, ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ದಪ್ಪ ವೈರ್‌ಗಳ ಕಟ್ಟನ್ನು ಗಮನಿಸಿ. ಮದರ್‌ಬೋರ್ಡ್‌ನ ಅಂಚಿನಲ್ಲಿ 24 ಪಿನ್‌ಗಳ ಅಗಲವಾದ ಕನೆಕ್ಟರ್, ಪ್ರೊಸೆಸರ್ ಪಕ್ಕದಲ್ಲಿ 4 ಅಥವಾ 8 ಪಿನ್‌ಗಳ ಇನ್ನೊಂದು ಕನೆಕ್ಟರ್ ಇದ್ದರೆ ಅದು ಎಟಿಎಕ್ಸ್ ಎಂಬ, ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಮಾನದಂಡದ ವ್ಯವಸ್ಥೆಯಾಗಿದ್ದು, ಗಾತ್ರ ಹೊಂದಿದರೆ ಮಾರುಕಟ್ಟೆಯಲ್ಲಿ ಸಿಗುವ ಯಾವುದೇ ಒಳ್ಳೆಯ ಎಸ್‌ಎಂಪಿಎಸ್ ಅನ್ನು ಹಾಕಬಹುದು. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಹಲವು ಮಾದರಿಗಳಲ್ಲಿ ಹಾಗಿರುವುದಿಲ್ಲ. ಅವುಗಳ ಮದರ್‌ಬೋರ್ಡ್ 12 ವೋಲ್ಟ್ ಒಂದನ್ನೇ ಪಡೆದು ಉಳಿದ ವೋಲ್ಟೇಜ್‌ಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕನೆಕ್ಟರ್‌ನ ಆಕಾರ, ಪಿನ್‌ಗಳ ಸಂಖ್ಯೆ ಮತ್ತು ಜೋಡಣೆಯ ಕ್ರಮ ಆಯಾ ಕಂಪನಿಯದ್ದೇ ಆಗಿರುತ್ತದೆ. ಇಂತಹವುಗಳಿಗೆ ಅಡಾಪ್ಟರ್ ಕೇಬಲ್‌ಗಳು ಆನ್‌ಲೈನ್‌ನಲ್ಲಿ ಸಿಗುವುದು ನಿಜ. ಆದರೆ ನಿಮ್ಮ ಮಾದರಿ ಸಂಖ್ಯೆಗೇ ಮಾಡಿದ್ದೆಂದು ಖಚಿತವಾಗದ ಅಡಾಪ್ಟರ್ ಅನ್ನು ಹಾಕುವುದಕ್ಕಿಂತ ಹಳೆಯ ಎಸ್‌ಎಂಪಿಎಸ್‌ನ ಮಿತಿಯೊಳಗೇ ಕಾರ್ಡ್ ಹುಡುಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕಾರ್ಡ್ ಕೂರುವ ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ 75 ವ್ಯಾಟ್‌ವರೆಗೆ ಕೊಡಬಲ್ಲದು. 70 ವ್ಯಾಟ್ ಬಳಸುವ 6 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3050 ಕಾರ್ಡ್ ಅಷ್ಟರಲ್ಲೇ, ಬೇರೆ ಕೇಬಲ್ ಇಲ್ಲದೆ ನಡೆಯುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ಎಟಿಎಕ್ಸ್ ಎಸ್‌ಎಂಪಿಎಸ್‌ನ ಅಗಲ 150 ಮಿ.ಮೀ. ಮತ್ತು ಎತ್ತರ 86 ಮಿ.ಮೀ. ಎಂದು ನಿಗದಿಯಾಗಿದೆ, ಉದ್ದ ಮಾತ್ರ 140 ಮಿ.ಮೀ.ನಿಂದ ಮೇಲಕ್ಕೆ ಬದಲಾಗುತ್ತದೆ. ಕಾರ್ಡ್‌ಗಾಗಿ ಹಿಂಬದಿಯ ಸ್ಲಾಟ್ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗಿನ ದೂರವನ್ನು ಟೇಪ್ ಹಿಡಿದು ಅಳೆಯಬೇಕು. ಮೂರು ಫ್ಯಾನ್‌ಗಳ ಕಾರ್ಡ್‌ಗಳು ಹಲವು ವೇಳೆ 300 ಮಿ.ಮೀ. ದಾಟುವುದರಿಂದ ಸಣ್ಣ ಕ್ಯಾಬಿನೆಟ್‌ಗೆ ಎರಡು ಫ್ಯಾನ್‌ಗಳವೇ ಸರಿ. ಕಾರ್ಡ್‌ನ ದಪ್ಪ ಎರಡು ಸ್ಲಾಟ್‌ಗಳೋ ಎರಡೂವರೆಯೋ, ಅದರ ಅಂಚಿಗೆ ಚುಚ್ಚುವ ಪವರ್ ಕೇಬಲ್‌ಗೆ ಪಕ್ಕದ ಬಾಗಿಲು ಮುಚ್ಚುವಷ್ಟು ಜಾಗ ಉಳಿಯುತ್ತದೋ ಎಂಬುದನ್ನೂ ನೋಡಿಕೊಳ್ಳಬೇಕು.

ಈಗ ವಿದ್ಯುತ್ತಿನ ಲೆಕ್ಕ. ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಕಾರ್ಡ್ ಮತ್ತು 400 ವ್ಯಾಟ್ ಆಸುಪಾಸಿನ ಎಸ್‌ಎಂಪಿಎಸ್ ಇರುವ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಈ ಪ್ರೊಸೆಸರ್ ಪೂರ್ಣ ವೇಗದಲ್ಲಿ 117 ವ್ಯಾಟ್ ಬಳಸಬಹುದು. ಆರ್‌ಟಿಎಕ್ಸ್ 4060 ಹಾಕಿದರೆ 115 ವ್ಯಾಟ್, ಆರ್‌ಟಿಎಕ್ಸ್ 5060 ಟಿಐ ಹಾಕಿದರೆ 180 ವ್ಯಾಟ್ ಸೇರುತ್ತದೆ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 50 ವ್ಯಾಟ್ ಹಿಡಿದರೂ ಒಟ್ಟು ಮೊತ್ತ 350 ವ್ಯಾಟ್ ಮುಟ್ಟುವುದಿಲ್ಲ. ಹಾಗಿದ್ದೂ ಇವುಗಳ ಚಿಪ್ ರೂಪಿಸುವ ಎನ್ವಿಡಿಯಾ ಕಂಪನಿ ಈ ಕಾರ್ಡ್‌ಗಳಿಗೆ ಕ್ರಮವಾಗಿ 550 ಮತ್ತು 600 ವ್ಯಾಟ್‌ಗಳ ಎಸ್‌ಎಂಪಿಎಸ್ ಶಿಫಾರಸು ಮಾಡುತ್ತದೆ. ಇದಕ್ಕೆ ಕಾರಣವಿದೆ: ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಸರಾಸರಿಯಲ್ಲಿ ನಿಲ್ಲದೆ, ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಅವಧಿಯಲ್ಲಿ ಎಷ್ಟೋ ಮೇಲಕ್ಕೆ ಜಿಗಿದು ಇಳಿಯುತ್ತಿರುತ್ತದೆ, ಮತ್ತು ಆ ಜಿಗಿತವನ್ನು ತಾಳಲಾರದ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಆಟದ ನಡುವೆಯೇ ಯಂತ್ರವನ್ನು ಆರಿಸಿಬಿಡುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡವು ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೋಸೆಕೆಂಡ್‌ಗಳ ಕಾಲ ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು ತಾಳಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ಉದಾಹರಣೆಯ ಯಂತ್ರಕ್ಕೆ ಹೆಸರಾಂತ ಕಂಪನಿಯ 650 ವ್ಯಾಟ್‌ಗಳದ್ದು ಸಾಕು. 1000 ವ್ಯಾಟ್‌ಗಳದ್ದಕ್ಕೆ ಹಣ ಸುರಿಯುವ ಅಗತ್ಯವಿಲ್ಲ.

ಡಬ್ಬದ ಮೇಲಿನ ದೊಡ್ಡ ಸಂಖ್ಯೆಗಿಂತ ಎಸ್‌ಎಂಪಿಎಸ್‌ಗೆ ಅಂಟಿಸಿದ ಚೀಟಿಯನ್ನು ನಂಬಿರಿ. ಅದರಲ್ಲಿ 12 ವೋಲ್ಟ್ ಎಂಬ ಅಂಕಣದ ಕೆಳಗಿರುವ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿದರೆ ಪ್ರೊಸೆಸರ್ ಮತ್ತು ಕಾರ್ಡ್‌ಗೆ ನಿಜವಾಗಿ ಸಿಗುವ ವ್ಯಾಟ್ ತಿಳಿಯುತ್ತದೆ. 54 ಆಂಪಿಯರ್ ಇದ್ದರೆ 648 ವ್ಯಾಟ್; ಅದು ಪ್ರಾಮಾಣಿಕವಾದ 650. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ‘450 ವ್ಯಾಟ್’ ಎಸ್‌ಎಂಪಿಎಸ್‌ನಲ್ಲಿ ಅಲ್ಲಿ 18 ಎಂದಿದ್ದರೆ ಸಿಗುವುದು ಬರೀ 216 ವ್ಯಾಟ್. 80 ಪ್ಲಸ್ ಬ್ರಾಂಝ್, ಗೋಲ್ಡ್ ಎಂಬ ಮುದ್ರೆಗಳು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನು ಹೇಳುತ್ತವೆಯೇ ಹೊರತು ಒಳಗಿನ ಬಿಡಿಭಾಗಗಳ ಗುಣಮಟ್ಟವನ್ನಲ್ಲ.

ನಮ್ಮ ಕಡೆ ಇನ್ನೊಂದು ಲೆಕ್ಕವೂ ಇದೆ. 600 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದ ಯುಪಿಎಸ್‌ಗಳು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುವುದರಿಂದ, ಹಳೆಯ ಕಾರ್ಡ್‌ಗೆ ಸಾಲುತ್ತಿದ್ದ ಯುಪಿಎಸ್ ಹೊಸದನ್ನು ಹಾಕಿದ ಮೇಲೆ ಕರೆಂಟ್ ಹೋದ ಕ್ಷಣವೇ ಕೈಕೊಡಬಹುದು. ಮಾನಿಟರ್ ಕೂಡ ಅದೇ ಯುಪಿಎಸ್‌ನಲ್ಲಿದ್ದರೆ ಅದನ್ನೂ ಸೇರಿಸಿ ಎಣಿಸಿ.

ಬೆಂಗಳೂರಿನ ಕಂಪ್ಯೂಟರ್ ಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಂತಹ ಕಡೆ ಕೊಳ್ಳುವವರು ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳುವುದು ಒಳ್ಳೆಯದು, ವಾರಂಟಿಗೆ ಅದು ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಅಂಗಡಿಯಲ್ಲೇ ಹಾಕಿಸಿ, ಹತ್ತು ನಿಮಿಷ ಆಟವೊಂದನ್ನು ಓಡಿಸಿ ನೋಡದೆ ಹಣ ಕೊಡಬೇಡಿ.

ಕೆಲಸಕ್ಕೆ ಕೈಹಾಕುವ ಮುನ್ನ ವಿಂಡೋಸ್‌ನ ಬಿಟ್‌ಲಾಕರ್ ರಿಕವರಿ ಕೀಯನ್ನು (ಡಿಸ್ಕ್‌ನ ಮಾಹಿತಿಗೆ ಹಾಕಿದ ಬೀಗ ತೆರೆಯುವ ಸಂಖ್ಯೆ) ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ 11 ತುಂಬಿಸಿ ಬರುವ ಅನೇಕ ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಮಾಲೀಕನ ಗಮನಕ್ಕೆ ಬಾರದೆಯೇ ಚಾಲೂ ಆಗಿರುತ್ತದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳು) ಒಂದು ಆಯ್ಕೆ ಬದಲಾಯಿಸಿದೊಡನೆ ಅದು ಕೀ ಕೇಳಬಹುದು. ನಂತರ ಯಂತ್ರವನ್ನು ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಕೇಬಲ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಆಗಾಗ ಮುಟ್ಟುತ್ತಿದ್ದರೆ ಮೈಯ ಸ್ಥಿರವಿದ್ಯುತ್ ಹರಿದುಹೋಗುತ್ತದೆ. ಎಲ್ಲ ಕೇಬಲ್‌ಗಳ ಫೋಟೋ ತೆಗೆದುಕೊಳ್ಳಿ.

ಹಳೆಯ ಕಾರ್ಡ್‌ನ ಸ್ಕ್ರೂ ಬಿಚ್ಚಿ, ಸ್ಲಾಟ್‌ನ ತುದಿಯಲ್ಲಿರುವ ಕೊಕ್ಕೆಯನ್ನು ಒತ್ತಿ ಕಾರ್ಡನ್ನು ನೇರವಾಗಿ ಮೇಲೆತ್ತಬೇಕು. ಕೊಕ್ಕೆಗೆ ಬೆರಳು ತಲುಪದಿದ್ದರೆ ಪ್ಲಾಸ್ಟಿಕ್ ಸ್ಕೇಲ್ ಬಳಸಿ, ಸ್ಕ್ರೂಡ್ರೈವರ್ ಬೇಡ. ಬಳಿಕ ಎಸ್‌ಎಂಪಿಎಸ್‌ನ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ ಕೇಬಲ್‌ಗಳ ಸಮೇತ ಹೊರತೆಗೆಯಿರಿ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು, ಕರೆಂಟ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಹೊಸ ಎಸ್‌ಎಂಪಿಎಸ್ ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಬಿಡಿಸಿ ಜೋಡಿಸಬಹುದಾದದ್ದು ಆಗಿದ್ದರೆ ಅದರ ಡಬ್ಬದಲ್ಲಿ ಬಂದ ಕೇಬಲ್‌ಗಳನ್ನೇ ಬಳಸಬೇಕು. ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆಗೆ ಸಾಮಾನ್ಯ ಮಾನದಂಡವಿಲ್ಲ. ಹಳೆಯ ಕೇಬಲ್ ಸಲೀಸಾಗಿ ಕೂತರೂ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಎಸ್‌ಎಸ್‌ಡಿ ಸುಟ್ಟುಹೋಗಬಹುದು. ಪ್ರೊಸೆಸರ್‌ನ 8 ಪಿನ್ ಮತ್ತು ಕಾರ್ಡ್‌ನ 8 ಪಿನ್ ನೋಡಲು ಒಂದೇ ರೀತಿಯಾದರೂ ಬೇರೆ ಬೇರೆ. ಕಾರ್ಡ್‌ನದ್ದು 6 ಮತ್ತು 2 ಎಂದು ಸೀಳಿರುತ್ತದೆ, ಪ್ರೊಸೆಸರ್‌ನದ್ದು 4 ಮತ್ತು 4 ಎಂದು. ಕಾರ್ಡ್‌ಗೆ ಎರಡು 8 ಪಿನ್ ಬೇಕಾದರೆ, ಒಂದೇ ಕೇಬಲ್‌ನ ಕವಲುಗಳನ್ನು ಬಳಸದೆ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. 16 ಪಿನ್‌ಗಳ ಹೊಸ ಕನೆಕ್ಟರ್ ಇರುವ ಕಾರ್ಡ್‌ಗಳಲ್ಲಿ ಅದು ಅಂತರ ಉಳಿಯದಂತೆ ಪೂರ್ತಿ ಒಳಹೋಗಿರಬೇಕು, ಬುಡದಲ್ಲೇ ಬಾಗಿಸಲೂಬಾರದು. ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಈ ಕನೆಕ್ಟರ್ ಕರಗಿದ ಪ್ರಕರಣಗಳ ತನಿಖೆಯಲ್ಲಿ ಪೂರ್ತಿ ಕೂರದಿರುವುದೇ ಮುಖ್ಯ ಕಾರಣವೆಂದು ಎನ್ವಿಡಿಯಾ ಹೇಳಿತ್ತು.

ಕಾರ್ಡ್ ಕೂರಿಸಿ ಕೊಕ್ಕೆ ಕ್ಲಿಕ್ ಎಂದ ಮೇಲೆ ಸ್ಕ್ರೂ ಬಿಗಿದು, ಮಾನಿಟರ್ ಕೇಬಲ್ ಅನ್ನು ಮದರ್‌ಬೋರ್ಡ್‌ಗಲ್ಲದೆ ಕಾರ್ಡ್‌ಗೇ ಚುಚ್ಚಿ. ಪರದೆ ಕಪ್ಪಾಗಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಡ್ರೈವರ್ ಅನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ; ಎಎಂಡಿಯಿಂದ ಎನ್ವಿಡಿಯಾಗೆ ಅಥವಾ ಅಲ್ಲಿಂದ ಇಲ್ಲಿಗೆ ಬದಲಾಗುತ್ತಿದ್ದರೆ ಹಳೆಯ ಡ್ರೈವರ್ ಅನ್ನು ಮೊದಲೇ ತೆಗೆದುಹಾಕಿ. ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಬಳಸಲು ಬಿಡುವ ಸೌಲಭ್ಯ) ಆಯ್ಕೆ ಇದ್ದರೆ ಚಾಲೂ ಮಾಡಿ, ಇಂಟೆಲ್ ಆರ್ಕ್ ಕಾರ್ಡ್ ಹಾಕಿದವರಿಗಂತೂ ಅದು ಇಲ್ಲದೆ ಆಗದು.

ಕೊನೆಯದಾಗಿ ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಸ್ಲಾಟ್‌ನ ವೇಗವನ್ನೂ, ಭಾರವಾದ ಆಟವನ್ನು ಅರ್ಧ ಗಂಟೆ ಓಡಿಸುತ್ತಾ ಎಚ್‌ಡಬ್ಲ್ಯು ಇನ್ಫೋ ತಂತ್ರಾಂಶದಲ್ಲಿ ಉಷ್ಣಾಂಶವನ್ನೂ ಗಮನಿಸಿ. ಬಾಗಿಲು ತೆರೆದಾಗ ಉಷ್ಣಾಂಶ ಥಟ್ಟನೆ ಇಳಿದರೆ ತೊಂದರೆ ಕಾರ್ಡ್‌ನದ್ದಲ್ಲ, ಗಾಳಿಯದ್ದು. ಮುಂಭಾಗಕ್ಕೆ 120 ಮಿ.ಮೀ.ನ ಒಂದು ಫ್ಯಾನ್ ಹಾಕಿಸಿ. ತೆಗೆದ ಹಳೆಯ ಭಾಗಗಳನ್ನು ಯಂತ್ರದ ವಾರಂಟಿ ಮುಗಿಯುವವರೆಗೆ ಮಾರಬೇಡಿ, ಸರ್ವಿಸ್‌ಗೆ ಕಳಿಸಬೇಕಾದಾಗ ಮೂಲ ಭಾಗಗಳನ್ನೇ ಮರಳಿ ಜೋಡಿಸಬೇಕಾಗಬಹುದು.