ಹೊರದೇಶದಲ್ಲಿ ಜನಾಭಿಪ್ರಾಯ ಸಮೀಕ್ಷೆ: ಹಣ ಹಾಕುವ ಮುನ್ನ, ಹಾಕಿದ ಮೇಲೆ

ಕೆನ್ಯಾದ ಜನ ಭಾರತದ ಔಷಧಿಗಳನ್ನು ನಂಬುತ್ತಾರೆಯೇ? ಮಕ್ಕಳನ್ನು ಓದಲು ಇಲ್ಲಿಗೆ ಕಳಿಸುವ ಬಗ್ಗೆ ಅಲ್ಲಿನ ತಂದೆತಾಯಿ ಏನೆನ್ನುತ್ತಾರೆ? ಇಂಥ ಪ್ರಶ್ನೆ ಹಿಡಿದು ಸಮೀಕ್ಷೆ ಮಾಡಿಸಲು ಹೊರಡುವ ವಿಶ್ವವಿದ್ಯಾಲಯ, ಟ್ರಸ್ಟ್, ಉದ್ಯಮ ಸಂಘಗಳು ಮೊದಲು ವಿಚಾರಿಸುವುದು ‘ಎಷ್ಟು ಜನರನ್ನು ಮಾತನಾಡಿಸಬೇಕು, ಎಷ್ಟು ಖರ್ಚು’ ಎಂದು. ಆ ಲೆಕ್ಕಕ್ಕೆ ಕೂರುವ ಮೊದಲೇ ಮುಗಿಯಬೇಕಾದ ಕೆಲಸಗಳಿವೆ. ಮಾದರಿಯನ್ನು, ಅಂದರೆ ಮಾತನಾಡಿಸುವವರ ಸಂಖ್ಯೆಯನ್ನು, ದೊಡ್ಡದು ಮಾಡಲು ಸುರಿಯುವ ಹಣದಲ್ಲಿ ಒಂದು ಪಾಲನ್ನು ತಪಾಸಣೆಗೆ ಎತ್ತಿಟ್ಟವರಿಗೆ ಮಾತ್ರ ನಂಬಬಹುದಾದ ಅಂಕಿ ಸಿಗುತ್ತದೆ. ಕೆನ್ಯಾವನ್ನೇ ಉದಾಹರಣೆಯಾಗಿಟ್ಟುಕೊಂಡು ಕೆಲಸದ ಕ್ರಮ ನೋಡೋಣ.

ಇರುವ ಡೇಟಾ ಮೊದಲು

ಆಫ್ರಿಕಾದ ಜನಾಭಿಪ್ರಾಯ ಕೇಳುವ ಆಫ್ರೊಬ್ಯಾರೊಮೀಟರ್ ಸಂಸ್ಥೆ 1999ರಲ್ಲಿ ಕೆಲಸ ಶುರುಮಾಡಿ, ಮೊದಲ ಸುತ್ತಿನಲ್ಲಿ 12 ದೇಶಗಳಲ್ಲಿ ಸಮೀಕ್ಷೆ ನಡೆಸಿತು. ಈಗ ಸುಮಾರು 40 ದೇಶಗಳಲ್ಲಿ ಜನರ ಮನೆಗೇ ಹೋಗಿ ಕೇಳುತ್ತದೆ. ಅದರ ಡೇಟಾ ಉಚಿತ. ಹಲವು ದೇಶಗಳ ಜನರ ಮೌಲ್ಯ, ನಂಬಿಕೆಗಳ ಬಗ್ಗೆ 1981ರಿಂದ ನಡೆದುಬಂದಿರುವ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯದ್ದೂ ಉಚಿತವೇ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಭಾರತದ ಬಗ್ಗೆ ಅಭಿಪ್ರಾಯ ಕೇಳಿದ ದೇಶಗಳಲ್ಲಿ ಕೆನ್ಯಾವೂ ಇತ್ತು. ಇವುಗಳನ್ನು ಕೂತು ನೋಡಿದರೆ ನೀವು ಕೇಳಬೇಕೆಂದಿದ್ದ ಪ್ರಶ್ನೆಗಳಲ್ಲಿ ಕೆಲವಕ್ಕಾದರೂ ಉತ್ತರ ಸಿಕ್ಕಿಬಿಡಬಹುದು.

ಉಳಿದದ್ದು ನಾಲ್ಕೈದು ಪ್ರಶ್ನೆ ಮಾತ್ರವಾದರೆ ಓಮ್ನಿಬಸ್ ಸಮೀಕ್ಷೆ ಸಾಕು. ಅಂದರೆ ಸ್ಥಳೀಯ ಸಂಸ್ಥೆಗಳು ನಿಯಮಿತವಾಗಿ ನಡೆಸುವ, ಹಲವು ಗ್ರಾಹಕರು ಪ್ರಶ್ನೆಗಿಷ್ಟು ಎಂದು ಹಣ ಕೊಟ್ಟು ಹಂಚಿಕೊಳ್ಳುವ ಸಮೀಕ್ಷೆ. ಸ್ವಂತದ್ದೇ ಬೇಕು ಎನ್ನುವುದರಲ್ಲಿ ಎಷ್ಟೋ ಸಲ ಅಗತ್ಯಕ್ಕಿಂತ ಪ್ರತಿಷ್ಠೆಯೇ ಹೆಚ್ಚು. ಓಮ್ನಿಬಸ್‌ನ ತೊಂದರೆ ಒಂದೇ: ನಿಮ್ಮ ಪ್ರಶ್ನೆಗಿಂತ ಮುಂಚೆ ಇನ್ಯಾರದೋ ಸೋಪಿನ ಪ್ರಶ್ನೆ ಬರುತ್ತದೋ, ಅಧ್ಯಕ್ಷರ ಪ್ರಶ್ನೆ ಬರುತ್ತದೋ ನಿಮ್ಮ ಕೈಯಲ್ಲಿರುವುದಿಲ್ಲ. ಪೂರ್ತಿ ಪ್ರಶ್ನಾವಳಿಯ ಕ್ರಮವನ್ನು ಕೇಳಿ ಪಡೆಯಿರಿ.

ನಮ್ಮ ಕಡೆಯ ಕಾಗದಪತ್ರ

ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಇದಕ್ಕೆ ನಡೆಯದು. ಭಾರತದ ಹೊರಗೆ ನಡೆಯುವ ಚಟುವಟಿಕೆ, ಕ್ರೀಡಾಪಟುಗಳ ತರಬೇತಿಯಂಥ ವಿನಾಯಿತಿ ಬಿಟ್ಟರೆ, ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಧರ್ಮದತ್ತಿ ಟ್ರಸ್ಟ್ ಆಗಿದ್ದರೆ ಇನ್ನೊಂದು ತೊಡಕು: ದೇಶದ ಹೊರಗೆ ವಿನಿಯೋಗಿಸಿದ ಆದಾಯಕ್ಕೆ ತೆರಿಗೆ ವಿನಾಯಿತಿ ಬೇಕಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) ಆದೇಶ ಬೇಕು. 2026ರ ಮಾರ್ಚ್‌ವರೆಗಿನ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 11(1)(ಸಿ) ಕಲಮು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆ ಹಣವನ್ನು ಮತ್ತೊಬ್ಬರಿಗೆ ದಾಟಿಸುವಂತಿಲ್ಲ. ಹೊರಗೆ ಹಣ ಕಳಿಸುವಾಗ ಬ್ಯಾಂಕು ತೆರಿಗೆ ಘೋಷಣೆಯ ಫಾರ್ಮುಗಳ (1961ರ ಕಾಯ್ದೆಯಡಿ ಇವು 15ಸಿಎ, 15ಸಿಬಿ ಆಗಿದ್ದವು) ಮಾತೆತ್ತುತ್ತದೆ. ಇವನ್ನೆಲ್ಲ ಆಡಿಟರ್ ಜತೆ ಮೊದಲೇ ಮುಗಿಸಿ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಎನ್ಯುಮರೇಟರ್‌ಗಳು ಕೆನ್ಯಾದ ಕಿಸುಮುವಿನ ಲಾಡ್ಜಿನಲ್ಲಿ ಭತ್ಯೆಗೆ ಕಾಯುತ್ತಿರುವಾಗ ಇಲ್ಲಿ ಫಾರ್ಮಿಗೆ ಸಹಿ ಆಗಿರದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಅಲ್ಲಿನ ಅನುಮತಿ, ಅಲ್ಲಿನ ಜನ

ಕೆನ್ಯಾದಲ್ಲಿ ಸಂಶೋಧನೆಗೆ ನ್ಯಾಕೋಸ್ಟಿ ಎಂಬ ರಾಷ್ಟ್ರೀಯ ಆಯೋಗದ ಪರವಾನಗಿ ಬೇಕು. ಹೊರದೇಶದವರು ಅಲ್ಲಿನ ಸಂಸ್ಥೆಯೊಂದರ ಜತೆ ಸೇರಿಯೇ ಅರ್ಜಿ ಹಾಕಬೇಕು. ವೈಯಕ್ತಿಕ ಮಾಹಿತಿಗೆ 2019ರ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಪರವಾನಗಿ ಬಂದ ಮೇಲೂ ಕೌಂಟಿ ಆಡಳಿತಕ್ಕೆ ಪತ್ರ ತೋರಿಸಿ, ಹಳ್ಳಿಯಲ್ಲಿ ಚೀಫ್ ಎಂದು ಕರೆಯುವ ಅಧಿಕಾರಿಗೆ ಮುಖ ತೋರಿಸಿಯೇ ಮನೆಗಳಿಗೆ ಹೋಗಬೇಕು. ಈ ಹಂತ ಬಿಟ್ಟ ತಂಡವನ್ನು ಮೂರನೇ ಮನೆಯಲ್ಲೇ ತಡೆಯುತ್ತಾರೆ.

ದೇಶ ಬದಲಾದರೆ ಕಾನೂನೂ ಬದಲು. ಚೀನಾದಲ್ಲಿ 2004ರ ನಿಯಮಗಳ ಪ್ರಕಾರ ಹೊರದೇಶದ ಸಂಸ್ಥೆ ನೇರವಾಗಿ ಸಮೀಕ್ಷೆ ನಡೆಸುವಂತೆಯೇ ಇಲ್ಲ. ಪರವಾನಗಿ ಇರುವ ಸ್ಥಳೀಯ ಸಂಸ್ಥೆಯ ಮೂಲಕ ಹೋಗಬೇಕು.

ಅನುಮತಿಯನ್ನು ಬರೀ ಕಾಗದದ ಕಾಟ ಎಂದುಕೊಳ್ಳುವವರು ಒಂದಿಷ್ಟು ಇತಿಹಾಸ ನೋಡಬೇಕು. ಹೊರದೇಶಗಳಲ್ಲಿ ಬಂಡಾಯ ಏಕೆ ಏಳುತ್ತದೆ ಎಂದು ತಿಳಿಯಲು ಅಮೆರಿಕದ ಸೇನೆ ಹಣ ಕೊಟ್ಟಿದ್ದ ‘ಪ್ರಾಜೆಕ್ಟ್ ಕ್ಯಾಮೆಲಾಟ್’ ಸಂಶೋಧನೆಯ ಗುಟ್ಟು ಚಿಲಿಯಲ್ಲಿ ಬಯಲಾಗಿ, 1965ರ ಜುಲೈನಲ್ಲಿ ಯೋಜನೆಯನ್ನೇ ಕೈಬಿಡಬೇಕಾಯಿತು. ಸಮಾಜವಿಜ್ಞಾನಿಗಳನ್ನು ಬೇಹುಗಾರರೆಂದು ಅನುಮಾನಿಸುವುದು ಆಮೇಲೆ ಎಷ್ಟೋ ವರ್ಷ ನಿಲ್ಲಲಿಲ್ಲ. 2002ರಲ್ಲಿ ಇರಾನಿನ ಸಮೀಕ್ಷೆಯೊಂದು, ಅಮೆರಿಕದೊಡನೆ ಮಾತುಕತೆಗೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನರ ಒಲವಿದೆ ಎಂದಿತು. ಅದನ್ನು ಮಾಡಿದ ಸಂಶೋಧಕರು ಜೈಲು ಸೇರಿದರು. ಜನಾಭಿಪ್ರಾಯ ಸಮೀಕ್ಷೆ ನಡೆಸುವ ರಷ್ಯಾದ ಲೆವಾಡಾ ಕೇಂದ್ರಕ್ಕೆ 2016ರ ಸೆಪ್ಟೆಂಬರಿನಲ್ಲಿ ‘ವಿದೇಶಿ ಏಜೆಂಟ್’ ಹಣೆಪಟ್ಟಿ ಬಿತ್ತು. 2018ರಲ್ಲಿ ತಾಂಜಾನಿಯಾದ ಟ್ವಾವೆಜಾ ಸಂಸ್ಥೆ ಅಧ್ಯಕ್ಷರ ಜನಪ್ರಿಯತೆ ಕುಸಿದಿದೆ ಎಂದು ಪ್ರಕಟಿಸಿದ್ದೇ ತಡ, ಅನುಮತಿ ಇತ್ತೇ ಎಂಬ ಪ್ರಶ್ನೆ ಎದ್ದು, ಅದರ ಮುಖ್ಯಸ್ಥರ ಪಾಸ್‌ಪೋರ್ಟ್ ಸರ್ಕಾರದ ವಶವಾಯಿತು. ನಮ್ಮಲ್ಲೇ 2010ರಲ್ಲಿ ತಿರುವನಂತಪುರದ ಕರಿಮಡಂ ಕಾಲೊನಿಯಲ್ಲಿ ಅಮೆರಿಕದ ಸಂಸ್ಥೆಯೊಂದಕ್ಕಾಗಿ ನಡೆಯುತ್ತಿದ್ದ ಮನೆಮನೆ ಸಮೀಕ್ಷೆಯ ಪ್ರಶ್ನೆಗಳು ಮುಸ್ಲಿಂ ನಿವಾಸಿಗಳಲ್ಲಿ ಅನುಮಾನ ಹುಟ್ಟಿಸಿ, ಪೊಲೀಸ್ ಕೇಸಾಗಿ, ಹೈಕೋರ್ಟ್ ಮೆಟ್ಟಿಲೇರಿತು.

ಇವೆಲ್ಲದರಲ್ಲಿ ಪೆಟ್ಟು ಹೆಚ್ಚಾಗಿ ಬಿದ್ದದ್ದು ಸ್ಥಳೀಯರಿಗೆ. ಹಣ ಕೊಟ್ಟವರು ದೂರದಲ್ಲಿ ಕ್ಷೇಮವಾಗಿರುತ್ತಾರೆ. ಹಾಗಾಗಿ ‘ಈ ಪ್ರಶ್ನೆ ಕೇಳಿದರೆ ನಿಮಗೇನಾದರೂ ಆದೀತೇ’ ಎಂದು ಅಲ್ಲಿನ ಪಾಲುದಾರರನ್ನು ಮೊದಲೇ ಕೇಳಿ. ಬೇಡ ಎಂದರೆ ಆ ಪ್ರಶ್ನೆ ತೆಗೆಯಿರಿ, ಚೌಕಾಸಿ ಬೇಡ.

ಎಷ್ಟು ಜನ?

1,200 ಮಂದಿಯನ್ನು ದೇಶದ ಉದ್ದಗಲದಿಂದ ಒಬ್ಬೊಬ್ಬರಂತೆ ಚೀಟಿ ಎತ್ತಿ ಆರಿಸಿದರೆ ತಪ್ಪಿನ ಅಂಚು, ಅಂದರೆ ಸಿಕ್ಕ ಅಂಕಿ ನಿಜದಿಂದ ಎಷ್ಟು ಆಚೀಚೆ ಇರಬಹುದು ಎಂಬ ಮಿತಿ, ಪ್ಲಸ್ ಅಥವಾ ಮೈನಸ್ 2.8%, 2,400 ಆದರೆ 2%. ಹಣ ಇಮ್ಮಡಿಯಾದರೂ ಗಳಿಕೆ ಶೇಕಡಾ ಒಂದು ಅಂಶವೂ ಇಲ್ಲ. ವಾಸ್ತವದಲ್ಲಿ ಯಾರೂ ಹಾಗೆ ಒಬ್ಬೊಬ್ಬರನ್ನೇ ಆರಿಸುವುದೂ ಇಲ್ಲ. ಜನಗಣತಿಯ ಬ್ಲಾಕುಗಳನ್ನು ಆರಿಸಿ, ಒಂದೊಂದು ಬ್ಲಾಕಿನಲ್ಲಿ ಹಲವರನ್ನು ಮಾತನಾಡಿಸುತ್ತಾರೆ. ಅಕ್ಕಪಕ್ಕದ ಮನೆಯವರು ಭಾಷೆ, ಬುಡಕಟ್ಟು, ಆದಾಯದಲ್ಲಿ ಒಂದೇ ಥರ ಇರುವುದರಿಂದ ಎರಡನೆಯವರ ಉತ್ತರದಲ್ಲಿ ಹೊಸತು ಕಡಿಮೆ. ರಾಜಕೀಯ ನಂಬಿಕೆಯ ಪ್ರಶ್ನೆಗಳಲ್ಲಂತೂ ಕೆನ್ಯಾದಲ್ಲಿ ಇದು ಎದ್ದು ಕಾಣುತ್ತದೆ.

ಈ ಹೋಲಿಕೆಯ ಪ್ರಮಾಣವನ್ನು 0.1 ಎಂದು ಹಿಡಿಯಿರಿ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರದೂ ಒಂದೇ ಉತ್ತರ). ಬ್ಲಾಕಿಗೆ 8 ಜನರಂತೆ 150 ಬ್ಲಾಕಿಗೆ ಹೋದರೆ ನಿಮ್ಮ 1,200 ಸಂದರ್ಶನದ ನಿಜವಾದ ತೂಕ ಒಬ್ಬೊಬ್ಬರಂತೆ ಆರಿಸಿದ ಸುಮಾರು 706 ಜನರಷ್ಟು, ಅಂಚು 3.7%. ಪ್ರಯಾಣದ ಖರ್ಚು ಉಳಿಸಲು ಬ್ಲಾಕಿಗೆ 20 ಜನರಂತೆ 60 ಬ್ಲಾಕಿಗೇ ಮುಗಿಸಿದರೆ ತೂಕ 414ಕ್ಕೆ ಇಳಿಯುತ್ತದೆ, ಅಂಚು 4.8%. ಏಜೆನ್ಸಿಯ ಕೊಟೇಶನ್‌ನಲ್ಲಿ ಎರಡೂ ‘1,200 ಸಂದರ್ಶನ’ ಎಂದೇ ಇರುತ್ತದೆ, ಎರಡನೆಯದು ಅಗ್ಗವಾಗಿರುತ್ತದೆ. ಅಗ್ಗ ಏಕೆ ಎಂದು ತಿಳಿಯಬೇಕಾದರೆ ಬ್ಲಾಕುಗಳ ಸಂಖ್ಯೆ ಕೇಳಿ.

ಇನ್ನೊಂದು ಎಡವಟ್ಟು ಉಪಗುಂಪುಗಳದ್ದು. 2019ರ ಜನಗಣತಿಯಲ್ಲಿ ಕೆನ್ಯಾದ ಜನಸಂಖ್ಯೆ 4.76 ಕೋಟಿ, ನೈರೋಬಿಯದು ಸುಮಾರು 44 ಲಕ್ಷ. 1,200ರ ಮಾದರಿಯಲ್ಲಿ ನೈರೋಬಿಯವರು ಸಿಗುವುದು 110 ಜನರ ಆಸುಪಾಸು, ಅಂಚು 9%ಕ್ಕೂ ಮೇಲೆ. ‘ನೈರೋಬಿಯ ಯುವತಿಯರು ಏನೆನ್ನುತ್ತಾರೆ’ ಎಂಬ ಅಧ್ಯಾಯ ವರದಿಯಲ್ಲಿ ಬೇಕಾದರೆ ಅಲ್ಲಿ ಹೆಚ್ಚುವರಿ ಮಾದರಿಗೆ ಮೊದಲೇ ಹಣ ಇಡಿ, ರಾಷ್ಟ್ರೀಯ ಸರಾಸರಿ ತೆಗೆಯುವಾಗ ನೈರೋಬಿಯ ಪಾಲು ಜನಸಂಖ್ಯೆಯಲ್ಲಿರುವಷ್ಟೇ ಆಗುವಂತೆ ಅದರ ತೂಕ ಇಳಿಸಿ.

ಬಜೆಟ್, ಕರಾರು, ಕಂತು

150 ಬ್ಲಾಕ್‌ಗೆ 6 ತಂಡ. ತಂಡಕ್ಕೆ 4 ಎನ್ಯುಮರೇಟರ್, ಒಬ್ಬ ಸೂಪರ್‌ವೈಸರ್, ಡ್ರೈವರ್ ಸಮೇತ ಒಂದು ಗಾಡಿ. ಪ್ರಯಾಣ ಸೇರಿ ದಿನಕ್ಕೊಂದು ಬ್ಲಾಕ್ ಎಂದರೆ ತಂಡಕ್ಕೆ 25 ಕೆಲಸದ ದಿನ. ರಜೆ, ದೂರದ ಕೌಂಟಿಗಳ ಓಡಾಟ ಸೇರಿದರೆ ಐದು ವಾರ. ಕೆಲಸಕ್ಕೆ 30 ಜನ ಬೇಕಾದರೂ ತರಬೇತಿಗೆ 36 ಜನರನ್ನು ಕರೆಯಿರಿ. ಐದಾರು ದಿನದ ತರಬೇತಿಯಲ್ಲಿ ಕೆಲವರು ತಾವಾಗಿಯೇ ಬಿಡುತ್ತಾರೆ, ಕೆಲವರನ್ನು ನೀವೇ ಬಿಡಬೇಕಾಗುತ್ತದೆ.

ಎನ್ಯುಮರೇಟರ್‌ಗಳಿಗೆ ದಿನಗೂಲಿ ಕೊಡಿಸಿ. ಸಂದರ್ಶನಕ್ಕಿಷ್ಟು ಎಂದು ಕೊಟ್ಟರೆ ಕಲ್ಪಿತ ಉತ್ತರ ತುಂಬುವುದಕ್ಕೆ ನೀವೇ ಇನಾಮು ಇಟ್ಟಂತೆ. ಭತ್ಯೆ ಎಂ–ಪೆಸಾ ಎಂಬ ಮೊಬೈಲ್ ಹಣ ಸೇವೆಯಲ್ಲಿ ನೇರ ಅವರ ಮೊಬೈಲಿಗೆ ಹೋಗಲಿ. ಯಾರಿಗೆ ಯಾವತ್ತು ಸಂದಾಯವಾಯಿತು ಎಂಬ ದಾಖಲೆಯೂ ಸಿಗುತ್ತದೆ.

ಕರಾರಿನ ಮೊತ್ತ ಕೆನ್ಯಾದ ಶಿಲ್ಲಿಂಗ್‌ನಲ್ಲಿರಲಿ. 2024ರ ಜನವರಿ ಕೊನೆಯಲ್ಲಿ ಡಾಲರಿಗೆ 160 ಶಿಲ್ಲಿಂಗ್ ಆಸುಪಾಸು ಇದ್ದ ದರ ಕೆಲವೇ ತಿಂಗಳಲ್ಲಿ 130ರ ಹತ್ತಿರ ಬಂತು. ಡಾಲರಿನಲ್ಲಿ ಬಜೆಟ್ ಹಾಕಿದವರ ಕೈಗೆ ಬಂದ ಶಿಲ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಮಾಯ. ಆಗ ಮೊದಲು ಕತ್ತರಿ ಬೀಳುವುದು ಮರುಭೇಟಿಗೆ, ತಪಾಸಣೆಗೆ. ಅನಿರೀಕ್ಷಿತ ಖರ್ಚಿಗೆ 10% ಇಡಿ.

ಕಂತುಗಳನ್ನು ಕೆಲಸಕ್ಕೆ ಕಟ್ಟಿಹಾಕಿ: ಸಹಿ ಆದಾಗ 30%, ಪ್ರಾಯೋಗಿಕ ಸಂದರ್ಶನದ ವರದಿ ಬಂದಾಗ 30%, ಫೀಲ್ಡ್ ಕೆಲಸ ಮುಗಿದಾಗ 25%, ಡೇಟಾ ಪರಿಶೀಲನೆಯ ನಂತರ 15%. ಕೊನೆಯ ಕಂತು ತೀರಾ ಚಿಕ್ಕದಾದರೆ ಪಾಲುದಾರರಿಗೆ ತಿದ್ದುಪಡಿಯ ಉಮೇದು ಇರುವುದಿಲ್ಲ, ದೊಡ್ಡದಾದರೆ ಗಾಡಿ ಬಾಡಿಗೆಗೆ ಅವರು ಸಾಲ ಮಾಡಬೇಕಾಗುತ್ತದೆ. ಕರಾರಿನಲ್ಲಿ ಎರಡು ಮಾತು ಸ್ಪಷ್ಟವಾಗಿರಲಿ: ಫಲಿತಾಂಶ ನಿಮಗೆ ಹಿಡಿಸದಿದ್ದರೂ ಪ್ರಕಟಿಸುವ ಹಕ್ಕು ಪಾಲುದಾರರಿಗಿದೆ, ಕಚ್ಚಾ ಡೇಟಾದ ಜತೆ ಪ್ರತಿ ಸಂದರ್ಶನದ ಆರಂಭ–ಅಂತ್ಯದ ಸಮಯ, ಜಿಪಿಎಸ್, ಬಾಗಿಲು ತೆರೆಯದ ಮನೆಗಳ ಲೆಕ್ಕ ನಿಮಗೆ ಬರಬೇಕು.

ದಿನಾಂಕ ಆರಿಸುವಾಗ ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಗಾಲ ಬೇಡ, ರಂಜಾನ್ ಬೇಡ. 2027ರ ಆಗಸ್ಟಿನ ಸಾರ್ವತ್ರಿಕ ಚುನಾವಣೆಯ ಆಜುಬಾಜು ಅಂತೂ ಬೇಡವೇ ಬೇಡ. ಆಗ ಯಾವ ಪ್ರಶ್ನೆ ಕೇಳಿದರೂ ಅದು ಪಕ್ಷದ ಪ್ರಶ್ನೆಯಾಗುತ್ತದೆ.

ಪ್ರಶ್ನಾವಳಿ

45 ನಿಮಿಷ ಮೀರಬಾರದು. ಅದಾದ ಮೇಲೆ ಜನ ಬೇಗ ಮುಗಿಯುವ ಉತ್ತರ ಕೊಡಲು ಶುರುಮಾಡುತ್ತಾರೆ. ಇಂಗ್ಲಿಷ್, ಸ್ವಾಹಿಲಿ ಎರಡೇ ಸಾಲದು. ಕಿಕುಯು, ಲುವೋ, ಕಾಂಬಾ, ಕಲೆಂಜಿನ್, ಸೊಮಾಲಿ ಅನುವಾದಗಳು ಮುದ್ರಿತವಾಗಿ ಅಥವಾ ಟ್ಯಾಬ್ಲೆಟ್‌ನಲ್ಲಿ ಸಿದ್ಧವಿರಬೇಕು. ಬಾಗಿಲಲ್ಲಿ ನಿಂತು ಎನ್ಯುಮರೇಟರ್ ತನಗೆ ತೋಚಿದಂತೆ ಅನುವಾದಿಸಿದರೆ 24 ಜನ 24 ಬೇರೆ ಪ್ರಶ್ನೆ ಕೇಳಿದಂತಾಗುತ್ತದೆ.

ಭಾರತದ ಬಗ್ಗೆ ತಿಳಿಯಬೇಕಾದರೆ ಭಾರತದ ಬಗ್ಗೆ ಮಾತ್ರ ಕೇಳಬೇಡಿ. ಚೀನಾ, ಅಮೆರಿಕ, ಬ್ರಿಟನ್ ನಡುವೆ ಭಾರತವೂ ಬರಲಿ, ದೇಶಗಳ ಕ್ರಮವನ್ನು ಟ್ಯಾಬ್ಲೆಟ್ ಪ್ರತಿ ಮನೆಯಲ್ಲಿ ಬದಲಿಸಲಿ. ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಜಾಗವಿರಲಿ. ಎಲ್ಲ ಮುಗಿದ ಮೇಲೆ ಆಫ್ರೊಬ್ಯಾರೊಮೀಟರ್ ಕೇಳುವ ಪ್ರಶ್ನೆಯನ್ನು ನೀವೂ ಕೇಳಿ: ‘ನಮ್ಮನ್ನು ಯಾರು ಕಳಿಸಿದರು ಅಂದುಕೊಂಡಿರಿ?’ ಸ್ವತಂತ್ರ ಸಂಸ್ಥೆಯವರು ಎಂದು ಆರಂಭದಲ್ಲೇ ಹೇಳಿದ್ದರೂ ‘ಸರ್ಕಾರ’ ಎನ್ನುವವರು ಬಹಳ. ಹಾಗೆ ನಂಬಿದವರ ಉತ್ತರಗಳನ್ನು ಉಳಿದವರದ್ದರ ಪಕ್ಕದಲ್ಲಿಟ್ಟು ನೋಡಿದರೆ ಭಯವೋ ದಾಕ್ಷಿಣ್ಯವೋ ಎಷ್ಟು ಬೆರೆತಿದೆ ಎಂಬ ಅಂದಾಜು ಸಿಗುತ್ತದೆ.

ಮನೆ ಬಾಗಿಲಲ್ಲಿ

ಆರಂಭದ ಜಾಗವನ್ನು ನಕ್ಷೆಯ ಮೇಲೆ ಕಚೇರಿಯಲ್ಲೇ ಗುರುತಿಸಬೇಕು. ಅಲ್ಲಿಂದ ಹೊರಟು ನಿಗದಿತ ಸಂಖ್ಯೆಯ ಮನೆ ಬಿಟ್ಟು ಮುಂದಿನದಕ್ಕೆ. ರಸ್ತೆ ಬದಿಯ, ನಾಯಿ ಇಲ್ಲದ, ಗೇಟು ತೆರೆದಿರುವ ಮನೆಗಳತ್ತ ಕಾಲು ತಾನಾಗಿ ಹೋಗುತ್ತದೆ. ಎಣಿಕೆಯ ನಿಯಮ ಇರುವುದು ಅದಕ್ಕೇ. ಮನೆಯಲ್ಲಿ 18 ದಾಟಿದವರ ಪಟ್ಟಿ ಮಾಡಿದ ಮೇಲೆ ಯಾರನ್ನು ಕೇಳಬೇಕು ಎಂಬುದನ್ನು ಟ್ಯಾಬ್ಲೆಟ್ ಆರಿಸುತ್ತದೆ. ಒಂದು ಮನೆಯಲ್ಲಿ ಗಂಡಸು, ಮುಂದಿನದರಲ್ಲಿ ಹೆಂಗಸು. ಸೊಸೆಯ ಹೆಸರು ಬಂದಿರುತ್ತದೆ, ಆಕೆ ಶಾಂಬಾಕ್ಕೆ, ಅಂದರೆ ಹೊಲಕ್ಕೆ ಹೋಗಿರುತ್ತಾಳೆ. ಕುರ್ಚಿ ಎಳೆದುಕೊಂಡು ಮಾವ ತಾನೇ ಉತ್ತರಿಸಲು ಸಿದ್ಧ. ಸಂಜೆ ಮತ್ತೆ ಬರುತ್ತೇವೆ ಎಂದು ಹೇಳಿ ಬರುವುದಕ್ಕೆ ಸಮಯವೂ ಗಾಡಿಯೂ ಬೇಕು. ಮರುಭೇಟಿಗೆ ಹಣವಿಡದ ಸಮೀಕ್ಷೆಯಲ್ಲಿ ಮಾವಂದಿರೇ ತುಂಬಿರುತ್ತಾರೆ.

ತಪಾಸಣೆ

ಕನಿಷ್ಠ 15% ಮನೆಗಳಿಗೆ ಬೇರೊಬ್ಬರು ಮತ್ತೆ ಹೋಗಬೇಕು ಅಥವಾ ಫೋನ್ ಮಾಡಬೇಕು. ‘ಬಂದಿದ್ದರೇ’ ಎಂದಷ್ಟೇ ಕೇಳಿದರೆ ಸಾಲದು. ವಯಸ್ಸು, ಓದು, ಮನೆಯಲ್ಲಿ ಎಷ್ಟು ಜನ ಎಂಬ ಮೂರು ನಾಲ್ಕು ವಿವರ ಹೊಂದುತ್ತವೆಯೇ ನೋಡಬೇಕು. ಡೇಟಾ ಪ್ರತಿದಿನ ಸರ್ವರ್‌ಗೆ ಬರಲಿ. 45 ನಿಮಿಷದ ಪ್ರಶ್ನಾವಳಿ 14 ನಿಮಿಷಕ್ಕೆ ಮುಗಿದದ್ದು, ಎಂಟೂ ಸಂದರ್ಶನಗಳ ಜಿಪಿಎಸ್ ಒಂದೇ ಹೋಟೆಲಿನ ಮೇಲೆ ಬಿದ್ದದ್ದು ಮರುದಿನವೇ ಕಾಣಬೇಕು. ಐದು ವಾರದ ನಂತರ ಕಂಡರೆ ಏನೂ ಮಾಡಲಾಗದು.

ನಕಲಿ ಹಿಡಿಯಲು 2016ರಲ್ಲಿ ಮೈಕಲ್ ರಾಬಿನ್ಸ್ ಮತ್ತು ನೋಬಲ್ ಕುರಿಯಾಕೋಸ್ ಒಂದು ಸೂತ್ರ ಮುಂದಿಟ್ಟರು: ಎರಡು ಸಂದರ್ಶನಗಳ ಉತ್ತರಗಳು 85%ಕ್ಕಿಂತ ಹೆಚ್ಚು ಹೊಂದಿದರೆ ಅನುಮಾನಿಸಿ. ಪ್ಯೂ ಇದನ್ನು ಒಪ್ಪಲಿಲ್ಲ. ಪ್ರಶ್ನೆಗಳ ಸಂಖ್ಯೆ, ಜನರ ನಡುವಿನ ಸಾಮ್ಯ, ಮಾದರಿಯ ಗಾತ್ರ ನೋಡದೆ ಒಂದೇ ಗೆರೆ ಎಳೆಯಬಾರದು ಎಂಬುದು ಅದರ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. 85%ನ್ನು ತೀರ್ಪೆಂದು ತಿಳಿಯದೆ, ಯಾರ ಸಂದರ್ಶನಗಳನ್ನು ಮೊದಲು ಮರುಪರಿಶೀಲಿಸಬೇಕು ಎಂಬ ಸರದಿಗೆ ಬಳಸಿ. ಒಬ್ಬನೇ ಎನ್ಯುಮರೇಟರ್‌ನ ಹೆಸರು ಪದೇ ಪದೇ ಬಂದರೆ ಅವನ ಕೆಲಸವನ್ನೆಲ್ಲ ಮತ್ತೆ ಮಾಡಿಸಿ.

ಪ್ರಕಟಣೆ

ವರದಿಯ ಮೊದಲ ಪುಟದಲ್ಲೇ ಹಣ ಯಾರದ್ದು ಎಂದಿರಲಿ. ಪೂರ್ಣ ಪ್ರಶ್ನಾವಳಿ, ಬ್ಲಾಕುಗಳ ಸಂಖ್ಯೆ, ತೂಕ ಕಟ್ಟಿದ ರೀತಿ, ಉತ್ತರಿಸಲು ಒಪ್ಪದವರ ಪ್ರಮಾಣ ಜತೆಗೇ ಹೊರಬರಲಿ. ಡೇಟಾವನ್ನು ಸಾರ್ವಜನಿಕಗೊಳಿಸುವ ಮುನ್ನ ಹೆಸರು, ಫೋನ್, ಜಿಪಿಎಸ್ ಮಾತ್ರವಲ್ಲ, ಹಳ್ಳಿಯ ಹೆಸರನ್ನೂ ತೆಗೆಸಿ. ಚಿಕ್ಕ ಹಳ್ಳಿಯಲ್ಲಿ ‘34 ವರ್ಷದ ಶಿಕ್ಷಕಿ’ ಎಂದರೆ ಯಾರೆಂದು ಊರಿಗೇ ಗೊತ್ತು. ಈ ಫೈಲನ್ನು ಸಮೀಕ್ಷೆಗೆ ಸಂಬಂಧಪಡದ ಒಬ್ಬ ಸಂಖ್ಯಾಶಾಸ್ತ್ರಜ್ಞರಿಗೆ ಕೊಟ್ಟು, ವರದಿಯ ಮುಖ್ಯ ಕೋಷ್ಟಕಗಳು ಅದರಿಂದ ಹಾಗೆಯೇ ಬರುತ್ತವೆಯೇ ಎಂದು ಪರೀಕ್ಷಿಸಿ. ಬಂದರೆ ಉಳಿದ 15% ಪಾವತಿಸಿ.