ಕೆಳದವಡೆಯ ಮೂಳೆಯನ್ನು ಮೇಲ್ದವಡೆಗೆ ಬಳಸಿದ ಬಗೆ: ನನ್ನ ಅನುಭವ

ನೀರು ಬಿಡದೆ, ನಿಮಿಷಕ್ಕೆ ನೂರು ಸುತ್ತಿಗೂ ಕಡಿಮೆ ವೇಗದಲ್ಲಿ ಇಂಪ್ಲಾಂಟ್‌ಗೆ (ಹೋದ ಹಲ್ಲಿನ ಬೇರಿನ ಬದಲು ದವಡೆಗೆ ಕೂರಿಸುವ ತಿರುಪಿಗೆ) ಮೂಳೆ ಕೊರೆಯುತ್ತೇನೆಂದಾಗ ಶಿವಮೊಗ್ಗದ ನನ್ನ ಸಹ ದಂತವೈದ್ಯರಲ್ಲಿ ಹೆಚ್ಚಿನವರು, ಮೂಳೆ ಸುಟ್ಟುಹೋಗುತ್ತದೆ ಎಂದೇ ಎಚ್ಚರಿಸಿದ್ದರು. 47 ಡಿಗ್ರಿ ಬಿಸಿ ಒಂದು ನಿಮಿಷ ತಗುಲಿದರೆ ಮೂಳೆಗೆ ಹಾನಿಯಾಗುತ್ತದೆಂಬ 1983ರ ಅಧ್ಯಯನವನ್ನು ನಾವೆಲ್ಲ ಓದಿದವರೇ. ಆದರೆ ಆ ಬಿಸಿ ಹುಟ್ಟುವುದು ವೇಗದಿಂದ ಮತ್ತು ಮೊಂಡಾದ ಡ್ರಿಲ್‌ನಿಂದ. ಸ್ಪೇನಿನ ಎಡ್ವಾರ್ಡೊ ಅನಿಟುವಾ ಅವರು ಬಳಕೆಗೆ ತಂದ ನಿಧಾನ ಕೊರೆತವನ್ನು ನಮ್ಮ ಅಡಿಕೆ ಸೀಮೆಯ ರೋಗಿಗಳಿಗೆ ಹೊಂದಿಸಿಕೊಂಡು ನಾನು ಗೆದ್ದಿದ್ದೇನೆ.

ಈ ದಾರಿ ಹಿಡಿಯಲು ಹಣವೇ ಮೊದಲ ಕಾರಣ. ನಿಧಾನವಾಗಿ ಕೊರೆದರೆ ರೋಗಿಯದೇ ಮೂಳೆಯ ಚೂರು ಕೈಗೆ ಸಿಗುತ್ತದೆ; ಇಲ್ಲವಾದರೆ ಮೂಳೆ ಕಡಿಮೆಯಿದ್ದ ಕಡೆ ತುಂಬಲು ಮೂಳೆಪುಡಿ ಕೊಳ್ಳಬೇಕು. ಅರ್ಧ ಗ್ರಾಂ ಮೂಳೆಪುಡಿಗೆ ಆಗ ಐದಾರು ಸಾವಿರ ರೂಪಾಯಿ ಕೊಡಬೇಕಾಗಿತ್ತು, ಅದರ ಮೇಲೆ ಮುಚ್ಚುವ ಪೊರೆಯ ಬೆಲೆ ಬೇರೆ. ಅಷ್ಟು ಸುರಿದರೂ ಆರಂಭದ ಕೆಲವು ರೋಗಿಗಳಲ್ಲಿ, ಅದರಲ್ಲೂ ಬೀಡಿ ಸೇದುವವರಲ್ಲಿ, ಒಂದೂವರೆ ತಿಂಗಳಿಗೆ ಒಸಡು ಬಿರಿದು ಪುಡಿಯೆಲ್ಲ ಮರಳಿನಂತೆ ಬಾಯಿಗೆ ಉದುರುತ್ತಿತ್ತು. ಮೇಲ್ದವಡೆಯ ಎರಡು ಇಂಪ್ಲಾಂಟ್‌ಗಳು ಸಡಿಲವಾಗಿ ಕೈಗೇ ಬಂದವು. ಅವರಿಗೆ ಹಣ ಮರಳಿಸಿದ್ದರಿಂದ ಆ ವರ್ಷ ಇಂಪ್ಲಾಂಟ್ ವಿಭಾಗದಲ್ಲಿ ನನಗೆ ಉಳಿದದ್ದು ಏನೂ ಇಲ್ಲ.

ವಿಧಾನ ಕೈಹಿಡಿದದ್ದು ಐವತ್ತೈದರ ಆಸುಪಾಸಿನ ಒಬ್ಬ ಅಡಿಕೆ ಬೆಳೆಗಾರರಲ್ಲಿ. ಎಡಗಡೆ ಮೇಲೆ ಮೂರು, ಕೆಳಗೆ ಮೂರು ಹಲ್ಲುಗಳಿರಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಏಳರ ಹತ್ತಿರವಿತ್ತು. ಮೇಲೆ ಹಿಂಭಾಗದಲ್ಲಿ ಸೈನಸ್‌ನ (ಮೇಲ್ದವಡೆಯೊಳಗಿನ ಗಾಳಿಗೂಡಿನ) ಕೆಳಗೆ ಉಳಿದಿದ್ದ ಮೂಳೆ ಆರು ಮಿಲಿಮೀಟರ್ ಇದ್ದಿರಬೇಕು. ಪಕ್ಕದಿಂದ ಮೂಳೆಯಲ್ಲಿ ಕಿಟಕಿ ತೆರೆದು ಸೈನಸ್‌ನ ಪೊರೆ ಎತ್ತದೆ ಬೇರೆ ಗತಿಯಿಲ್ಲವೆಂದು ಇಬ್ಬರು ತಜ್ಞರು ಅವರಿಗೆ ಹೇಳಿ ಕಳುಹಿಸಿದ್ದರು.

ನಾನು ಮೊದಲು ಕೆಳದವಡೆಯನ್ನು ಕೊರೆದೆ. ನಿಧಾನ ವೇಗದಲ್ಲಿ ಡ್ರಿಲ್ ಹೊರಬಂದಾಗ ಅದರ ಸುರುಳಿಗಾಲುವೆಗಳಲ್ಲಿ ರಕ್ತ ಬೆರೆತ ಮೂಳೆಯ ಚೂರುಗಳು ಒತ್ತಾಗಿ ತುಂಬಿರುತ್ತವೆ. ನೀರು ಬಿಟ್ಟಿದ್ದರೆ ಅವೆಲ್ಲ ನೀರು ಹೀರುವ ಸಕ್ಷನ್ ನಳಿಕೆಯ ಪಾಲಾಗುತ್ತಿದ್ದವು. ಎರಡು ರಂಧ್ರಗಳಿಂದ ಸುಮಾರು ಅರ್ಧ ಸಿಸಿಯಷ್ಟು ಸಿಕ್ಕಿತು. ಅದನ್ನು ರೋಗಿಯದೇ ರಕ್ತವನ್ನು ತಿರುಗಿಸಿ ತೆಗೆದ ಪಿಆರ್‌ಎಫ್ ಎಂಬ ಹೆಪ್ಪಿನೊಂದಿಗೆ ಬೆರೆಸಿ, ಮೇಲ್ದವಡೆಯ ಹಿಂದಿನ ರಂಧ್ರದ ಮೂಲಕವೇ ತುಂಬಿ, ಆಸ್ಟಿಯೋಟೋಮ್ ಎಂಬ ಕಡ್ಡಿಯಂಥ ಉಪಕರಣದಿಂದ ತಟ್ಟುತ್ತ ಸೈನಸ್ ಪೊರೆಯನ್ನು ಎರಡು ಮೂರು ಮಿಲಿಮೀಟರ್ ಎತ್ತಿದೆ. ಎಂಟು ಮಿಲಿಮೀಟರಿನ ಇಂಪ್ಲಾಂಟ್ ಅಲ್ಲಿ ಕುಳಿತಿತು. ಇಂಪ್ಲಾಂಟ್ ಎಷ್ಟು ಬಿಗಿಯಾಗಿ ಕೂತಿದೆ ಎಂದು ಹೇಳುವ ಟಾರ್ಕ್ ಕೆಳಗೆ ನಲವತ್ತು ನ್ಯೂಟನ್ ಸೆಂಟಿಮೀಟರಿನಷ್ಟು ಸಿಕ್ಕರೆ, ಮೇಲೆ ಇಪ್ಪತ್ತೈದು ದಾಟಲಿಲ್ಲ. ಮಿಶ್ರಣದ ಹದವನ್ನೂ, ಅದು ಉದುರದಂತೆ ಕಟ್ಟುವ ಕ್ರಮವನ್ನೂ ನಾನು ಇಲ್ಲಿ ಬರೆಯುವುದಿಲ್ಲ; ಅದಕ್ಕಾಗಿ ನಾನು ಬಹಳ ಕಾಲ ದುಡಿದಿದ್ದೇನೆ.

ಪಿಆರ್‌ಎಫ್ ವಿಷಯದಲ್ಲಿ ಒಂದಷ್ಟು ಪ್ರಯೋಗ ಮಾಡಿದ್ದುಂಟು. ಒಂದೇ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲೂ ಲೇಪವಿಲ್ಲದ ಪ್ಲಾಸ್ಟಿಕ್ ನಳಿಕೆಯಲ್ಲೂ ಹಾಕಿ, ನಿಮಿಷಕ್ಕೆ 2700 ಸುತ್ತಿನಲ್ಲಿ ಹನ್ನೆರಡು ನಿಮಿಷ ತಿರುಗಿಸಿದಾಗ, ಗಾಜಿನದರಲ್ಲಿ ಗಟ್ಟಿ ಹೆಪ್ಪು ಬಂತು, ಪ್ಲಾಸ್ಟಿಕ್ಕಿನದರಲ್ಲಿ ಚಿಮಟಿಗೆ ಸಿಗದಷ್ಟು ಸಡಿಲವಾಗಿತ್ತು. ಕಿತ್ತ ಹಲ್ಲನ್ನೇ ಅರೆದು ಮೂಳೆಪುಡಿಯ ಬದಲು ಬಳಸಿಯೂ ನೋಡಿದೆ. ಫಲ ಚೆನ್ನಾಗಿದೆ, ಆದರೆ ಸ್ವಚ್ಛಗೊಳಿಸುವ ಕೆಲಸಕ್ಕೆ ತಗಲುವ ಸಮಯ ಕ್ಲಿನಿಕ್‌ಗೆ ಹೊಂದುವುದಿಲ್ಲ. ಇನ್ನೊಂದು ಮಾತು: ಕೆಳದವಡೆಯ ಮುಂಭಾಗದ ಕಲ್ಲಿನಂಥ ಮೂಳೆಗೆ ಈ ಕ್ರಮ ಒಗ್ಗದು. ಅಲ್ಲಿ ಡ್ರಿಲ್ ಸಿಕ್ಕಿಕೊಳ್ಳುತ್ತದೆ, ಬಿಳಿಯ ಒಣಹುಡಿ ಬರುತ್ತದೆ. ನೀರು ಬಿಟ್ಟೇ ಕೊರೆಯಬೇಕು.

ಕೆಳಗಿನದಕ್ಕೆ ಮೂರು ತಿಂಗಳು, ಮೇಲಿನದಕ್ಕೆ ಆರು ತಿಂಗಳ ಸಮೀಪ ಕಾದು, ನಾಲ್ಕು ಇಂಪ್ಲಾಂಟ್‌ಗಳ ಮೇಲೆ ಆರು ಹಲ್ಲು ಕೂರಿಸಿದೆ. ಹಲ್ಲು ಅಂಟಿಸುವ ಸಿಮೆಂಟ್ ಒಸಡಿನೊಳಗೆ ಉಳಿದು ಕೀವಾಗುವ ಭಯವಿರುವುದರಿಂದ ಎರಡೂ ಬ್ರಿಜ್‌ಗಳನ್ನು (ಮೂರು ಮೂರು ಹಲ್ಲುಗಳ ಜೋಡಣೆಗಳನ್ನು) ಸ್ಕ್ರೂನಿಂದಲೇ ಬಿಗಿದಿದ್ದೇನೆ. ರೋಗಿಗೆ ಒಟ್ಟು ಒಂದೂವರೆ ಲಕ್ಷದೊಳಗೆ ಮುಗಿಯಿತು; ಬೇರೆಡೆ ಅವರಿಗೆ ಹೇಳಿದ್ದು ಎರಡೂಮುಕ್ಕಾಲು ಲಕ್ಷ. ಮೂರು ವರ್ಷ ದಾಟಿದ ಬಳಿಕ ತೆಗೆದ ಎಕ್ಸ್‌ರೇಯಲ್ಲಿ ಸೈನಸ್‌ನ ತಳ ಇಂಪ್ಲಾಂಟ್‌ನ ತುದಿಗಿಂತ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ನೋಡಿದ ಆ ಇಬ್ಬರು ತಜ್ಞರಲ್ಲಿ ಒಬ್ಬರು ಈಗ ಕಡಿಮೆ ಮೂಳೆಯ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಿದ್ದಾರೆ.