ಗದ್ದೆಯಿಂದ ಕಾಲುವೆ ಕಳೆದರೂ ಅದೇ ನಾಲ್ಕು ಎಕರೆ?

ಕಾರಟಗಿ ಹತ್ತಿರ ನಮ್ಮ ಸೋದರಮಾವನ ಗದ್ದೆ ಇದೆ, ನಾಲ್ಕು ಎಕರೆ. ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆ ಅದರ ನಡುವೆ ಹಾದುಹೋಗಿದೆ. ಕಾಲುವೆ ಬಿಟ್ಟು ನಾಟಿಗೆ ಎಷ್ಟು ಉಳಿಯುತ್ತದೆ ಅಂತ ಮಾವ ಕೇಳಿದರು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎರಡನ್ನೂ ಪಾಲಿಗಾನ್ (ಮುಚ್ಚಿದ ಆಕಾರ) ಆಗಿ ಬಿಡಿಸಿ, ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ, ವೆಕ್ಟರ್ ಮೆನುವಿನ ಡಿಫರೆನ್ಸ್ ಓಡಿಸಿದೆ. ನಕ್ಷೆಯಲ್ಲಿ ಕಾಲುವೆ ಹೋಗಿತ್ತು. ಆಕಾರಗಳ ವಿವರ ಇರುವ ಟೇಬಲ್‌ನಲ್ಲಿ ಮಾತ್ರ 160 ಗುಂಟೆ ಹಾಗೇ ಕೂತಿತ್ತು.

ತಪ್ಪು ಹುಡುಕುವ ಮೊದಲು ಕೈಲೆಕ್ಕ ಮಾಡಿಕೊಳ್ಳಿ. ಕಾಲುವೆ ಸುಮಾರು 120 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಗುಂಟೆಗೆ 101.17 ಚದರ ಮೀಟರ್. ಅಲ್ಲಿಗೆ 12 ಗುಂಟೆ ಹೋಗಿ 148 ಉಳಿಯಬೇಕು. ಈ ಅಂಕಿ ಕೈಯಲ್ಲಿದ್ದರೆ ಎಲ್ಲಿ ಎಡವಿದ್ದೇವೆ ಅಂತ ಬೇಗ ಗೊತ್ತಾಗುತ್ತದೆ.

ಅಂಕಿ ಒಂದಿಷ್ಟೂ ಬದಲಾಗಿಲ್ಲವೇ? ಡಿಫರೆನ್ಸ್ ಆಕಾರವನ್ನಷ್ಟೇ ಕತ್ತರಿಸುತ್ತದೆ. ನೀವು ಮೊದಲು ತುಂಬಿದ ವಿಸ್ತೀರ್ಣದ ಕಾಲಂ ಹಳೆಯದೇ ಬರುತ್ತದೆ. ಕಾಲಂ ಲೆಕ್ಕ ಹಾಕುವ ಫೀಲ್ಡ್ ಕ್ಯಾಲ್ಕುಲೇಟರ್ ತೆರೆದು ಡಾಲರ್ ಚಿಹ್ನೆಯ ಏರಿಯಾವನ್ನು ($area) 101.17ರಿಂದ ಭಾಗಿಸಿ. ಪ್ರಾಜೆಕ್ಟ್‌ನಲ್ಲಿ ವಿಸ್ತೀರ್ಣದ ಅಳತೆ ಚದರ ಮೀಟರ್ ಇರಲಿ.

ಸೊನ್ನೆಯ ಮುಂದೆ ಚುಕ್ಕಿ, ಮತ್ತೆ ಸಾಲು ಸೊನ್ನೆ ಬಂದರೆ ಲೆಕ್ಕ ಮೀಟರ್ ಬದಲು ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ ಆಗಿದೆ ಎಂದರ್ಥ. ಗೂಗಲ್ ಅರ್ಥ್‌ನಿಂದ ತಂದ ಕೆಎಂಎಲ್ ಫೈಲ್ ಡಿಗ್ರಿಯಲ್ಲೇ ಇರುತ್ತದೆ. ಎರಡೂ ಪದರಗಳನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ ಸಂಕೇತ 32643ಕ್ಕೆ, ಬದಲಿಸಿ (ರೀಪ್ರೊಜೆಕ್ಟ್). ಕೊಪ್ಪಳ, ರಾಯಚೂರು, ಬಳ್ಳಾರಿ ಊರುಗಳು ಮೂರೂ ಇದರಲ್ಲೇ ಬರುತ್ತವೆ.

ಗದ್ದೆ ಮಾಯವಾಗಿ ಗದ್ದೆಯಾಚೆಗಿನ ಕಾಲುವೆಯ ತುದಿಗಳಷ್ಟೇ ಉಳಿದರೆ ಇನ್‌ಪುಟ್, ಓವರ್‌ಲೇ ಅದಲುಬದಲಾಗಿವೆ. ಗದ್ದೆಯೇ ಇನ್‌ಪುಟ್, ಕಳೆಯಬೇಕಾದ ಕಾಲುವೆ ಓವರ್‌ಲೇ.

ಆಕಾರವೇ ಕೆಟ್ಟಿದೆ ಅಂತ ಎಚ್ಚರಿಕೆ ಬಂದು ಕೆಲಸ ನಿಂತರೆ, ಗಡಿ ಬಿಡಿಸುವಾಗ ಗೆರೆ ತನ್ನನ್ನೇ ದಾಟಿರಬಹುದು. ಫಿಕ್ಸ್ ಜಾಮೆಟ್ರೀಸ್ ಎಂಬ ಸಾಧನ ಅದನ್ನು ಸರಿಮಾಡುತ್ತದೆ, ನಿಜ. ಆದರೆ ಮೂಲೆಗಳನ್ನು ಹಿಂದುಮುಂದಾಗಿ ಒತ್ತಿ ಚೌಕದ ಬದಲು ಡಮರುಗ ಆಗಿದ್ದರೆ, ಅದು ಎರಡು ತ್ರಿಕೋನ ಕೊಟ್ಟು ಸುಮ್ನಾಗುತ್ತದೆ. ನಿಮ್ಮ ಗದ್ದೆ ವಾಪಸ್ ಬರುವುದಿಲ್ಲ. ಹಾಗಾಗಿ ಮೂಲೆಗಳನ್ನು ಸರಿಸುವ ವರ್ಟೆಕ್ಸ್ ಟೂಲ್‌ನಿಂದ ಕೈಯಲ್ಲೇ ತಿದ್ದುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಬದುವಿನ ಹತ್ತಿರದ ದಾರದಂಥ ಪಟ್ಟಿ. ಕಾಲುವೆಯನ್ನು ಸರಿಯಾಗಿ ಬದುವಿಗೇ ನಿಲ್ಲಿಸಿದ್ದೆ ಅಂದುಕೊಂಡಿದ್ದೆ. ಜೂಮ್ ಮಾಡಿದರೆ ಅರ್ಧ ಮೀಟರ್ ಕಡಿಮೆ ಬಿದ್ದಿತ್ತು. ಎರಡು ತುಂಡುಗಳು ಆ ಪಟ್ಟಿಯಿಂದ ಅಂಟಿಕೊಂಡೇ ಇದ್ದವು. ಕಾಲುವೆಯ ಎರಡೂ ತುದಿಯನ್ನು ಬದು ದಾಟಿಸಿ ನಾಲ್ಕೈದು ಮೀಟರ್ ಆಚೆ ಎಳೆಯಿರಿ. ಹೊರಗಿನ ಭಾಗದಿಂದ ಗದ್ದೆಗೆ ಏನೂ ಆಗುವುದಿಲ್ಲ. ಪಕ್ಕಪಕ್ಕದ ಗದ್ದೆಗಳ ಗಡಿ ಒಂದೇ ಆಗಿದ್ದರೆ ಗೆರೆಗೆ ಗೆರೆ ಅಂಟಿಸುವ ಸ್ನ್ಯಾಪಿಂಗ್‌ನ ಅಯಸ್ಕಾಂತದ ಗುರುತು ಒತ್ತಿಕೊಂಡೇ ಬಿಡಿಸಿ.

ಡಿಫರೆನ್ಸ್ ಮತ್ತೆ ಓಡಿಸಿದರೆ ತುಂಡು ಎರಡಾದರೂ ಟೇಬಲ್‌ನಲ್ಲಿ ಸಾಲು ಒಂದೇ. ತುಂಡುಗಳನ್ನು ಬೇರೆ ಬೇರೆ ಸಾಲು ಮಾಡುವ ಮಲ್ಟಿಪಾರ್ಟ್ ಟು ಸಿಂಗಲ್‌ಪಾರ್ಟ್ಸ್ ಓಡಿಸಿ, ವಿಸ್ತೀರ್ಣವನ್ನು ಮತ್ತೊಮ್ಮೆ ಲೆಕ್ಕ ಹಾಕಿ. ನನಗೆ ಮೇಲಿನದು 63, ಕೆಳಗಿನದು 85 ಗುಂಟೆ ಬಂತು. ಮಾವ ಅದನ್ನು ಬರೆದುಕೊಂಡು ಸಸಿ ಲೆಕ್ಕಕ್ಕೆ ಕೂತರು.